ಸೂಜಿಗಿಂತ ಮೊದಲು

ಅಣ್ಣ ಕಬ್ಬು ಹೇರಿದ ಟ್ರ್ಯಾಕ್ಟರಿನ ಮೇಲಿಂದ ತಲೆಕೆಳಗಾಗಿ ಬಿದ್ದು ವರ್ಷವಾಗುತ್ತ ಬಂದಿತ್ತು. ಕಣ್ಣು ತೆರೆಯುತ್ತಿದ್ದ, ಮುಚ್ಚುತ್ತಿದ್ದ. ನಳಿಗೆಯಲ್ಲಿ ಹಾಕಿದ ಗಂಜಿ ಒಳಗೆ ಹೋಗುತ್ತಿತ್ತು. ನೋಟ ಮಾತ್ರ ಯಾರ ಮೇಲೂ ನಿಲ್ಲುತ್ತಿರಲಿಲ್ಲ. ಒಳಗೆ ಅವನು ಇದ್ದಾನೋ ಇಲ್ಲವೋ? ಕಬ್ಬೂರಿನ ನಮ್ಮ ಮನೆಯಲ್ಲಿ ಆಗ ಇದ್ದದ್ದು ಅದೊಂದೇ ಪ್ರಶ್ನೆ. ಮಾತಾಡಿಸಲು ಬಂದವರೆಲ್ಲ ಹೊರಸಿನ ಮೇಲೆ ಬಗ್ಗಿ, "ನಾ ಯಾರ ಹೇಳ ನೋಡೂಣು?" ಎಂದು ಕೂಗುತ್ತಿದ್ದರು. ಪರೀಕ್ಷೆ ತೆಗೆದುಕೊಳ್ಳಲು ಬಂದ ಮಾಸ್ತರರೇ ಇವರು? ನನಗೆ ಮೈಯೆಲ್ಲ ಉರಿಯುತ್ತಿತ್ತು.

ನಾನು ಚಿಕ್ಕೋಡಿಯಲ್ಲಿ ಬಿ.ಎಸ್ಸಿ. ಓದುತ್ತಿದ್ದೆ. ದೇವರಿಗಿಂತ ರಿಪೋರ್ಟನ್ನು ಹೆಚ್ಚು ನಂಬುವ ವಯಸ್ಸು. ಊರಿನ ಡಾಕ್ಟರು ಆಗಾಗ ಬಂದು ರಕ್ತ ತೆಗೆಯುತ್ತಿದ್ದರು. ಆ ಬಾಟ್ಲಿಯನ್ನು ಬರ್ಫ ತುಂಬಿದ ಥರ್ಮಾಸಿನಲ್ಲಿಟ್ಟು ಚಿಕ್ಕೋಡಿಯ ಲ್ಯಾಬಿಗೆ ಒಯ್ಯುವವಳು ನಾನು. ಸುಗ್ಗಿಯಲ್ಲಿ ಕಬ್ಬಿನ ಗಾಡಿಗಳು ದಾರಿಗೆ ಅಡ್ಡ ನಿಂತರೆ ಬಸ್ಸಿನಲ್ಲಿ ಕೂತಲ್ಲಿ ಕೂಡಲಾಗುತ್ತಿರಲಿಲ್ಲ. ಇಳಿದು ಓಡಿಬಿಡೋಣ ಅನಿಸುತ್ತಿತ್ತು. ಅಷ್ಟೆಲ್ಲ ಹೈರಾಣಾಗಿ ತಂದ ರಿಪೋರ್ಟ್ ಹೇಳುವುದೇನು? ಸಕ್ಕರೆ ಸರಿ, ಉಪ್ಪು ಸರಿ, ಕಿಡ್ನಿ ಸರಿ. ಎಲ್ಲ ಸರಿ ಇದ್ದವನು ಯಾಕೆ ಏಳುವುದಿಲ್ಲ ಎಂದು ಮಾತ್ರ ಹೇಳುತ್ತಿರಲಿಲ್ಲ.

ಒಮ್ಮೆ ತಡೆಯದೆ ಕೇಳಿದೆ. "ಡಾಕ್ಟರ್ರ, ತಲ್ಯಾಗಿನ ನರ ಸತ್ರ ಅದರದೇನರ ಅಂಶ ರಕ್ತಕ್ಕ ಬರಬೇಕಲ್ರಿ? ಅದನ್ನ ನೋಡಾಕ ಬರೂದಿಲ್ಲೇನ್ರಿ?"

"ಬರತಿರಬೇಕವಾ. ಅದನ್ನ ಅಳತಿ ಮಾಡೂ ಪರೀಕ್ಷೆ ನಮ್ಮ ಕಡೆ ಎಲ್ಲಿ ಐತಿ? ದೊಡ್ಡ ದೊಡ್ಡವರು ಹುಡಕಾಕತ್ತಾರ."

ಹುಡುಕುವವರ ಮೇಲೂ ನನಗೆ ಸಿಟ್ಟು ಬಂತು. ಇನ್ನೂ ಎಷ್ಟು ದಿನ ಹುಡುಕುತ್ತಾರೆ?

ಅವ್ವನಿಗೆ ಈ ರಕ್ತದ ಉಸಾಬರಿಯೇ ಬೇಡವಾಗಿತ್ತು. ರಕ್ತ ಕಂಡರೆ ಅವಳಿಗೆ ತಲೆ ತಿರುಗುತ್ತಿತ್ತು. ಅಂಜಿಕೆಯಲ್ಲಿ ಅಣ್ಣ ಅವಳದೇ ಮಗ. ಸಣ್ಣವನಿದ್ದಾಗ ಸಾಲೆಗೆ ಸೂಜಿ ಹಾಕುವವರು ಬಂದರೆ ಮನೆಗೆ ಓಡಿಬಂದು ದನದ ಗ್ವಾದಲಿಯಲ್ಲಿ ಅಡಗುತ್ತಿದ್ದ. ಅವ್ವ ಎಳೆದು ತರುತ್ತ, "ಗಂಡಸಾಗಿ ಸೂಜಿಗೆ ಅಂಜತೀಯೇನಲೇ?" ಎಂದು ಓಣಿಗೆಲ್ಲ ಕೇಳುವಂತೆ ನಗುತ್ತಿದ್ದಳು. ಈಗ ಅವನ ಕೈ ಹಿಡಿದುಕೊಳ್ಳುವ ಪಾಳಿ ಅವಳದೇ. ನಾವೆಲ್ಲ ಸಿರಿಂಜಿಗೆ ಏರುವ ರಕ್ತವನ್ನೇ ನೋಡುತ್ತಿದ್ದರೆ, ಅವಳು ಅದನ್ನು ನೋಡಲಾರದೆ ಮಗನ ಮುಖ ನೋಡುತ್ತ ಕೂರುತ್ತಿದ್ದಳು.

ಒಂದು ದಿನ ಡಾಕ್ಟರು ತೋಳಿಗೆ ಸ್ಪಿರಿಟ್ ಒರೆಸಿ ಸೂಜಿ ಎತ್ತುವಾಗ ಅವಳು ತಡೆದಳು. "ತಡೀರಿ ಸಾಹೇಬ್ರ. ಹುಬ್ಬು ಗಂಟ ಹಾಕ್ಯಾನ."

"ನೋವಿಗೆ ಮೈ ತನ್ನಷ್ಟಕ್ಕ ತಾನ ಜಗ್ಗತೈತಿ, ಅವ್ವಾರ. ಅದಕ್ಕ ಎಚ್ಚರ ಅನ್ನಾಕ ಬರೂದಿಲ್ಲ."

"ನೋವೆಲ್ಲಿ ಆಗೇತ್ರಿ? ನೀವಿನ್ನಾ ಚುಚ್ಚೇ ಇಲ್ಲ."

ಡಾಕ್ಟರು ಬಗ್ಗಿ ಅಣ್ಣನ ಮುಖ ನೋಡಿದರು. ಸೂಜಿಯನ್ನು ಬದಿಗಿಟ್ಟು, ಹತ್ತಿಯನ್ನು ಬರೀ ನೀರಲ್ಲಿ ಅದ್ದಿ ಅಣ್ಣನ ತೋಳಿಗೆ ಒರೆಸಿದರು. ಏನೂ ಆಗಲಿಲ್ಲ. ಆಮೇಲೆ ಸ್ಪಿರಿಟ್ ಬಾಟ್ಲಿಯ ಬೂಚು ತೆಗೆದು, ಬೇರೆ ಹತ್ತಿ ಅದ್ದಿ, ತೋಳಿಗೆ ತಾಕಿಸದೆ ಹತ್ತಿರ ಹಿಡಿದರು. ವಾಸನೆ ನನ್ನ ಮೂಗಿಗೂ ಬಂತು. ಅಣ್ಣನ ಹುಬ್ಬುಗಳು ಕೂಡಿಕೊಂಡವು. ಮೊಳಕೈ ಮೆಲ್ಲಗೆ, ಬಹಳ ಮೆಲ್ಲಗೆ, ಪಕ್ಕೆಯ ಕಡೆ ಸರಿಯಿತು. ಡಾಕ್ಟರು ಸ್ವಲ್ಪ ಬಿಟ್ಟು ಮತ್ತೆ ಹಿಡಿದರು. ಮತ್ತೆ ಸರಿಯಿತು.

ನಾನು ಥರ್ಮಾಸು ಹಿಡಿದುಕೊಂಡೇ ನೆಲಕ್ಕೆ ಕೂತೆ. ಅಷ್ಟು ಬಾಟ್ಲಿ ರಕ್ತ ಹೊತ್ತು ತಿರುಗಿದ್ದೆ, ರಕ್ತ ತೆಗೆಯುವಾಗ ಅವನ ಮುಖವನ್ನು ಒಂದು ಸಲವೂ ನೋಡಿರಲಿಲ್ಲ. ಎಷ್ಟೋ ವರ್ಷ ಕಳೆದ ಮೇಲೆ, ಈಗ ಅಂಥ ಪರೀಕ್ಷೆ ಬಂದಿದೆ, ನರಕ್ಕೆ ಎಷ್ಟು ಪೆಟ್ಟಾಗಿದೆ ಎಂದು ರಕ್ತದಲ್ಲೇ ಕಾಣುತ್ತದೆ ಎಂದು ಓದಿದಾಗಲೆಲ್ಲ ಆ ಸ್ಪಿರಿಟ್ ವಾಸನೆ ಬರುತ್ತದೆ.

ಆ ದಿನ ಅವ್ವ ಅಳುತ್ತಿದ್ದಳು, ನಗುತ್ತಲೂ ಇದ್ದಳು. ಬಾಗಿಲಲ್ಲಿ ನಿಂತಿದ್ದ ಅಪ್ಪನ ಕಡೆ ತಿರುಗಿ, ಮಗ ಪಾಸಾದ ಸುದ್ದಿ ಹೇಳುವವಳ ಹಾಗೆ ಹೇಳಿದಳು:

"ಅಂಜ್ಯಾನ್ರಿ. ನನ್ನ ಮಗಾ ಸೂಜಿಗೆ ಅಂಜ್ಯಾನ."