ಹಿಡಿಯದೆ ಹೋದ ಸೊಲ್ಲು

ಆ ಕಾಲದಲ್ಲಿ ನಮ್ಮ ಭೇರ್ಯದ ಕಡೆ ಮದುವೆ ಹಸೆಯ ಮುಂದೆ ಯಾರೂ ಒಬ್ಬರೇ ಹಾಡುತ್ತಿರಲಿಲ್ಲ. ಒಬ್ಬಳು ಪದ ಎತ್ತಿದರೆ, ಸಾಲಿನ ಕೊನೆಗೆ ಇನ್ನೊಬ್ಬಳು ಸೊಲ್ಲು ಹಿಡಿಯಬೇಕು. ಆಮೇಲೆ ಕೂತವರೆಲ್ಲ ದನಿ ಸೇರಿಸುತ್ತಿದ್ದರು. ನಮ್ಮಕ್ಕ ನಿಂಗಮ್ಮ ಮೊದಲ ಸಲ ಪದ ಎತ್ತಿದ ದಿನ ಸೊಲ್ಲು ಹಿಡಿಯಬೇಕಾದವಳು ನಾನು. ಹಿಡಿಯಲಿಲ್ಲ.

ಚಿಕ್ಕಪ್ಪನ ಮಗಳು ಕೆಂಪಿಯ ಮದುವೆಗೆಂದು ಆ ಪದವನ್ನು ಅಕ್ಕ ತಾನೇ ಕಟ್ಟಿದ್ದಳು. ಪೈಪೋಟಿಗೆ ಎದುರು ಪದ ಹಾಡುವ ಗಂಡಿನ ಕಡೆಯವರ ಕಿವಿಗೆ ಬೀಳಬಾರದೆಂದು ಯಾರ ಮುಂದೆಯೂ ಹಾಡಿರಲಿಲ್ಲ. ಬೆಳಗಿನ ಜಾವ ರಾಗಿಕಲ್ಲಿನ ಗೂಟಕ್ಕೆ ಇಬ್ಬರೂ ಕೈ ಹಾಕಿ ಬೀಸುವಾಗ ನನಗೊಬ್ಬಳಿಗೇ ಸೊಲ್ಲು ಕಲಿಸಿದಳು. ಅವಳ ಸಾಲು ಮುಗಿಯುವಷ್ಟರಲ್ಲಿ ಗೂಟ ನನ್ನ ಕಡೆ ಬರುತ್ತಿತ್ತು. ಹೊಸ ಹಿಟ್ಟಿನ ಬೆಚ್ಚನೆ ವಾಸನೆಗೆ ನಾನು ತೂಕಡಿಸುತ್ತಿದ್ದೆ.

"ಮಲಗ್ಬೇಡ ಕಣಮ್ಮಿ. ನೀ ಸೊಲ್ಲು ಕೊಡ್ನಿಲ್ಲ ಅಂದ್ರೆ ನಂಗೆ ಮುಂದಿಂದು ಗ್ಯಾನಕ್ಕೇ ಬರಾಕಿಲ್ಲ" ಅನ್ನುತ್ತಿದ್ದಳು.

ಮದುವೆಯ ದಿನವೇ ಪಟೇಲರ ಅಳಿಯ ಮೈಸೂರಿನಿಂದ ಹಾಡುವ ಪೆಟ್ಟಿಗೆ ತಂದಿದ್ದರು. ಚಪ್ಪರದ ತುಂಬ ಒಬ್ಬಟ್ಟಿನ ಘಮ. ಹಸೆ ಇನ್ನೂ ಬರೆಯುತ್ತಿದ್ದರು.

"ಈಗ್ ಬಂದೆ ಕಣಕ್ಕ" ಎಂದು ಓಡಿದೆ.

ಪಟೇಲರ ಜಗಲಿಯಲ್ಲಿ ಕೀಲಿ ಕೊಟ್ಟು ಮುಳ್ಳು ಇಟ್ಟರು. ಕರಿ ತಟ್ಟೆ ತಿರುಗಿತು. ತುತ್ತೂರಿಯೊಳಗಿಂದ ಹೆಂಗಸೊಬ್ಬಳು ಹಾಡಿದಳು. ಎಂಥ ದನಿ! ಮೈ ಜುಮ್ಮೆಂದಿತು. ಮತ್ತೊಂದು ತಟ್ಟೆ, ಇನ್ನೊಂದು ತಟ್ಟೆ. ಒಂದು ಕಡೆ ಸಾಲು ಮುಗಿದ ಹಾಗಾದಾಗ ರೂಢಿಯಂತೆ ಗಟ್ಟಿಯಾಗಿ ಸೊಲ್ಲು ಹಿಡಿದುಬಿಟ್ಟೆ. ಪೆಟ್ಟಿಗೆಯ ಹೆಂಗಸು ನನ್ನ ದನಿಯ ಮೇಲೆಯೇ ಹಾಡಿಕೊಂಡು ಹೋದಳು.

ಪಟೇಲರ ಹೆಂಡತಿ ಬಿದ್ದು ಬಿದ್ದು ನಕ್ಕರು. "ಅದು ಯಾರ್ಗೂ ಕಾಯಾಕಿಲ್ಲ ಕಣಮ್ಮಿ. ಬಾಯ್ಮುಚ್ಕಂಡು ಕೇಳು."

ಕಾಯುವ ಮಾತು ಕೇಳಿದ್ದೇ ಅಕ್ಕ ನೆನಪಾದಳು.

ಓಡಿ ಬರುವಷ್ಟರಲ್ಲಿ ಗಂಡಿನ ಕಡೆಯವರ ಪದ ಏರಿತ್ತು. ಅಕ್ಕ ಮೊದಲ ಸಾಲು ಎತ್ತಿ, ನನಗಾಗಿ ಸುತ್ತ ನೋಡಿ, ಮತ್ತೆ ಅದೇ ಸಾಲು ಎತ್ತಿ, ನಿಂತುಹೋಗಿದ್ದಳಂತೆ. ಸೊಲ್ಲು ಗೊತ್ತಿಲ್ಲದ ನಮ್ಮ ಹೆಂಗಸರು ಮುಖ ಮುಖ ನೋಡಿಕೊಂಡರಂತೆ.

"ಯಾಕ್ರವ್ವಾ, ಎಣ್ಣಿನ್ ಕಡೆಯೋರ್ಗೆ ಒಬ್ಬಟ್ಟು ಗಂಟ್ಲಲ್ಲಿ ಸಿಕ್ಕಾಕೊಂಡದಾ?" ಎಂದು ಬೀಗಿತ್ತಿ ಇನ್ನೂ ಕೆಣಕುತ್ತಿದ್ದಳು. ಅಕ್ಕ ಕಂಬಕ್ಕೆ ಒರಗಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಿದ್ದಳು.

"ಎಲ್ಲೋಗಿದ್ಯಮ್ಮಿ?"

"ಒಟ್ಟೆನೋವು ಕಣಕ್ಕ."

ಅಕ್ಕ ಒಳಗೆ ಹೋಗಿ ಜೀರಿಗೆ ಕುದಿಸಿ, ಬೆಲ್ಲ ಹಾಕಿ ತಂದು, ಊದಿ ಊದಿ ಕುಡಿಸಿದಳು. ಆಮೇಲೆ ಅವಳು ಯಾರ ಹಸೆಯ ಮುಂದೆಯೂ ಪದ ಎತ್ತಲಿಲ್ಲ. ಆ ಜೀರಿಗೆಯ ಘಾಟು ಈಗಲೂ ನನ್ನ ಗಂಟಲಲ್ಲಿದೆ.

ಈಗ ಮದುವೆಗಳಲ್ಲಿ ಮೈಕಿಗೆ ತಟ್ಟೆ ಹಾಕುತ್ತಾರೆ. ಒಳ್ಳೊಳ್ಳೆಯ ಹಾಡುಗಳೇ. ಆದರೆ ಕೂತವರ ದನಿಗೆ ಅದರಲ್ಲಿ ಜಾಗವಿಲ್ಲ. ಯಾರು ಬಂದರು, ಯಾರು ಬರಲಿಲ್ಲ ಎಂದು ಹಾಡು ತಿರುಗಿ ನೋಡುವುದಿಲ್ಲ. ನನ್ನನ್ನು ಒಂದು ಹಾಡು ಹುಡುಕಿತ್ತು.

ಹೋದ ಸಂಕ್ರಾಂತಿಗೆ ಗುರುಪುರದ ಅಕ್ಕನ ಮನೆಗೆ ಹೋದೆ. ಮೊಮ್ಮಗನ ತೊಟ್ಟಿಲು ತೂಗುತ್ತ ಸಣ್ಣಗೆ ಹಾಡುತ್ತಿದ್ದಳು. ಅದೇ ಪದ, ಕೆಂಪಿಯ ಜಾಗದಲ್ಲಿ ಕೂಸಿನ ಹೆಸರು. ಪ್ರತಿ ಸಾಲಿನ ಕೊನೆಗೆ ಒಂದು ಸೊಲ್ಲಿನಷ್ಟು ಹೊತ್ತು ಸುಮ್ಮನಾಗುತ್ತಿದ್ದಳು. ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ.

ಸೊಲ್ಲು ನನ್ನ ಬಾಯಿಯವರೆಗೆ ಬಂತು. ಅದಕ್ಕೂ ಮೊದಲು ಹೇಳಬೇಕಾದದ್ದಿತ್ತು. ಬಾಗಿಲಲ್ಲೇ ನಿಂತು ಹೇಳಿದೆ:

"ಅಕ್ಕಾ, ಅವತ್ತು ನಂಗೆ ಒಟ್ಟೆನೋವಿರ್ನಿಲ್ಲ ಕಣಕ್ಕ. ಪೆಟ್ಗೆ ಹಾಡು ಕೇಳಾಕೆ ಓಗಿದ್ದೆ. ತಪ್ಪಾಯ್ತು."