ಹದಿನಾಲ್ಕನೇ ಮೋರಿಯಲ್ಲಿ ಬದಲಾದ ಪುಸ್ತಕ

ಮೊದಲು ನನಗಾದ ಅನ್ಯಾಯವನ್ನು ಹೇಳಿಬಿಡುತ್ತೇನೆ. ಹೊಸಪೇಟೆಯಿಂದ ಸಂಡೂರಿನ ಗುಡ್ಡಗಳ ಕಡೆಗೆ ಹೋಗುತ್ತಿದ್ದ ಹಳೆಯ ಅದಿರು ರೈಲಿನ ಹಾದಿಯ ಬಗ್ಗೆ ನಮ್ಮೂರಿನ ಚಾರಣಿಗರ ಬಳಗವೊಂದು ಕಿರುಪುಸ್ತಕ ಅಚ್ಚು ಹಾಕಿಸಿತು. ಅದರಲ್ಲಿರುವ, ಹಳ್ಳದ ನೀರು ಹಳಿಯಡಿ ಹಾಯುವ ಪ್ರತಿಯೊಂದು ಮೋರಿ, ಪ್ರತಿಯೊಂದು ತಿರುವು ನಾನು ಹೇಳಿದ್ದು. ಮೂರು ಸಂಜೆ ನನ್ನ ಪಡಸಾಲೆಯಲ್ಲಿ ಕೂತು ಬರೆದುಕೊಂಡು ಹೋದರು. ಕೊನೆಯ ಪುಟದಲ್ಲಿ ಇಪ್ಪತ್ತಮೂರು ಜನರಿಗೆ ಕೃತಜ್ಞತೆ ಇದೆ. ಒಗ್ಗರಣೆ ಮಂಡಕ್ಕಿ ಕೊಟ್ಟ ಅಂಗಡಿಯವನಿಗೂ ಇದೆ. ನನ್ನ ಹೆಸರಿಲ್ಲ.

ಕೇಳಲು ಹೋದೆ. ಬಳಗದ ಕಾರ್ಯದರ್ಶಿ ಕಾಲೇಜಿನಲ್ಲಿ ಪಾಠ ಹೇಳುವವರು. ನಯವಾಗಿಯೇ ಮಾತನಾಡಿದರು.

“ಬಸಣ್ಣಾರ, ತಪ್ಪು ತಿಳ್ಕೋಬ್ಯಾಡ್ರಿ. ನೀವು ಅಲ್ಲಿ ಕೆಲಸ ಮಾಡಿದ್ದಕ್ಕ ಒಂದು ದಾಖಲೆ ಬೇಕಾಗಿತ್ರಿ. ಬರೇ ಬಾಯಿಮಾತಿನ ಮ್ಯಾಲೆ ಹೆಂಗ ಹಾಕೂದು?”

ಬಾಯಿಮಾತು... ಮೂವತ್ತೆಂಟು ವರ್ಷಗಳ ಹಿಂದೆ ಅದೇ ಹಾದಿಯಲ್ಲಿ ನನ್ನ ಬಾಯಿಮಾತೊಂದನ್ನು ಮೂವರು ಅಧಿಕಾರಿಗಳು ದಾಖಲೆಯೆಂದೇ ಬರೆದುಕೊಂಡಿದ್ದರು. ಅದನ್ನು ನಾನು ಅವರಿಗೆ ಹೇಳಲಿಲ್ಲ.

ಇನ್ನು ಮುಂದೆ ಬರೆಯುವುದು ಅಕ್ಷರಶಃ ನಡೆದದ್ದು. ನನಗೆ ಎಪ್ಪತ್ತೊಂದು ವರ್ಷ. ಕಣ್ಣು ಕಿವಿ ನೆಟ್ಟಗಿವೆ. ಕುಡಿಯುವವನಲ್ಲ, ನಿದ್ದೆಗೆ ಗುಳಿಗೆ ನುಂಗುವವನೂ ಅಲ್ಲ. ನಂಬುವುದು ಬಿಡುವುದು ನಿಮಗೆ ಬಿಟ್ಟದ್ದು.

ಆ ಹಾದಿಯನ್ನು ಒಬ್ಬನೇ ನಡೆದು, ನಡುವೆ ಒಂದು ರಾತ್ರಿ ತಂಗಿ, ಕಿರುಪುಸ್ತಕದ ತಪ್ಪುಗಳನ್ನೆಲ್ಲ ಗುರುತು ಹಾಕಿ ಅವರ ಮೇಜಿನ ಮೇಲೆ ಇಡಬೇಕೆಂದು ನಿಶ್ಚಯಿಸಿದೆ. ಮೊಮ್ಮಗಳ ಡೇರೆ ಇಸಿದುಕೊಂಡೆ. ಪೆಟ್ಟಿಗೆಯ ತಳದಿಂದ, ಹಳಿ ಕಾಯುತ್ತಿದ್ದ ಕಾಲದ ನನ್ನ ಗಸ್ತು ಪುಸ್ತಕವನ್ನೂ ತೆಗೆದುಕೊಂಡೆ. ದಾಖಲೆ ಬೇಕಲ್ಲವೇ ಅವರಿಗೆ.

ಹಾದಿ ಊರು ಬಿಡುವಲ್ಲಿ ಒಂದು ಚಹಾದಂಗಡಿ ಇದೆ. ಅಲ್ಲಿನ ಹೆಂಗಸು ನನ್ನ ಬೆನ್ನ ಮೇಲಿನ ಸುರುಳಿಯನ್ನು ನೋಡಿದಳು.

“ಅಜ್ಜಾರ, ಹಾಸಿಗಿ ಹೊತ್ಕೊಂಡು ಎಲ್ಲಿಗೆ ಹೊಂಟೀರಿ? ಮನ್ಯಾಗ ಜಗಳಾಡಿ ಬಂದೀರೇನು?”

“ಜಗಳ ಮನ್ಯಾಗಿಂದಲ್ಲವ್ವಾ. ಹಳೇ ರೈಲಿನ ದಾರಿ ನೋಡಕ್ಕ ಹೊಂಟೀನಿ.”

“ಹೊತ್ತು ಮುಳುಗೂದ್ರಾಗ ಹೊಳ್ಳಿ ಬರ್ರಿ ಮತ್ತ. ಕರಡಿ ಅಡ್ಡಾಡತಾವು.”

“ಇಲ್ಲಿ ಕರಡಿ ನನಗ ಹೊಸಾವಲ್ಲ.”

“ನಿಮಗ ಹೊಸಾವಲ್ಲರೀ,” ಎಂದು ಚಹಾ ಸೋಸುತ್ತ ಅಂದಳು, “ಕರಡಿಗೆ ನೀವು ಹೊಸಬರು.”

ಹಳಿ ಕಿತ್ತು ಎಷ್ಟೋ ವರ್ಷವಾಯಿತು. ಹಾದಿ ಹಾಕಿಸಿದ್ದ ಅದಿರು ಕಂಪನಿಯೂ ಈಗಿಲ್ಲ. ಹಳಿಯ ಕೆಳಗಿನ ಜಲ್ಲಿಕಲ್ಲನ್ನು ಜನ ಮನೆಗಳ ಬುನಾದಿಗೆಂದು ಹೇರಿಕೊಂಡು ಹೋಗಿದ್ದಾರೆ. ಉಳಿದಿರುವುದು ಕೆಮ್ಮಣ್ಣಿನ ಏರಿ ಮಾತ್ರ. ಹೆಜ್ಜೆಯಿಟ್ಟರೆ ಸದ್ದೇ ಆಗದಷ್ಟು ಮೆತ್ತನೆಯ ಧೂಳು... ಇದನ್ನು ದಯವಿಟ್ಟು ನೆನಪಿಡಿ.

ಕತ್ತಲಾಗುವ ಮುನ್ನ ಹದಿನಾಲ್ಕನೇ ಮೋರಿ ತಲುಪಿದೆ. ಅಷ್ಟರೊಳಗೆ ಕಿರುಪುಸ್ತಕದಲ್ಲಿ ಒಂಬತ್ತು ತಪ್ಪು ಸಿಕ್ಕಿದ್ದವು. ಹಳ್ಳ ಬತ್ತಿತ್ತು. ಮೋರಿಗೆ ಮೂವತ್ತು ಹೆಜ್ಜೆ ಈಚೆ, ಏರಿಯ ಮೇಲೆ ಸಮತಟ್ಟು ನೋಡಿ ಡೇರೆ ಹಾಕಿದೆ. ಗೂಟ ಬಡಿದು ಮುಗಿದ ಮೇಲಷ್ಟೇ ತಿಳಿಯಿತು, ಎಲ್ಲಿ ಹಾಕಿದ್ದೇನೆಂದು.

ಆ ಕಾಲದಲ್ಲಿ ಮಳೆಗಾಲದ ರಾತ್ರಿಗಳಲ್ಲಿ ಹಳಿಯ ಗಸ್ತು ಇರುತ್ತಿತ್ತು. ಹೊಸಪೇಟೆ ಕಡೆಯ ಗುಡಿಸಲಿನಿಂದ ನಾನು ಕಂದೀಲು ಹಿಡಿದು ಹೊರಡಬೇಕು. ಸಂಡೂರು ಕಡೆಯಿಂದ ಹುಲಿಗೆಪ್ಪ ಹೊರಡಬೇಕು. ಇಬ್ಬರೂ ಹದಿನಾಲ್ಕನೇ ಮೋರಿಯಲ್ಲಿ ಸೇರಿ ಪುಸ್ತಕ ಬದಲಿಸಿಕೊಳ್ಳಬೇಕು. ಅವನದು ನನಗೆ, ನನ್ನದು ಅವನಿಗೆ. ಇನ್ನೊಬ್ಬನ ಪುಸ್ತಕ ಕೈಯಲ್ಲಿದ್ದರೆ ಮಾತ್ರ ನೀನು ಪೂರ್ತಿ ನಡೆದಿದ್ದೀ ಎಂದು ಸಾಬೀತು. ಮರುಸುತ್ತಿನಲ್ಲಿ ಅವರವರ ಪುಸ್ತಕ ಅವರವರಿಗೆ ಮರಳುತ್ತಿತ್ತು.

ಹುಲಿಗೆಪ್ಪ ಕಂಪ್ಲಿಯವನು. ನನಗಿಂತ ಐದು ವರ್ಷ ಚಿಕ್ಕವನು, ಭಾರೀ ಮಾತುಗಾರ. ಒಂದು ದಿನ ಗ್ಯಾಂಗಿನವರೆಲ್ಲ ಬುತ್ತಿ ಬಿಚ್ಚಿ ಕೂತಿದ್ದಾಗ ಅಂದ: “ನಮ್ಮ ಬಸಣ್ಣ ಕಂದೀಲು ಯಾಕ ಸಣ್ಣ ಮಾಡ್ತಾನ ಗೊತ್ತೇನ್ರಲೇ? ತನ್ನ ನೆಳ್ಳು ಕಂಡ್ರ ಅಂಜ್ಕೆಂತಾನ.” ಏಳು ಜನ ನಕ್ಕರು. ಯಾರ್ಯಾರೆಂದು ಈಗಲೂ ಹೇಳಬಲ್ಲೆ.

ಅದಾದ ನಾಲ್ಕನೇ ರಾತ್ರಿ ಮಳೆ ಕಡಿಯದೆ ಹೊಯ್ಯಿತು. ನಾನು ಹೊರಡಲಿಲ್ಲ. ಮೋರಿಯ ಹತ್ತಿರ ನಿಂತು ನೆನೆಯಲಿ ಮಗ, ಎಂದುಕೊಂಡು ಗುಡಿಸಲಿನಲ್ಲಿ ಕೂತೆ.

ಬೆಳಗಿನ ಜಾವ ಮಳೆ ನಿಂತ ಮೇಲೆ ಹೋದೆ. ಹಳ್ಳ ಮೋರಿಯನ್ನು ಮುಳುಗಿಸಿ ಇಳಿದಿತ್ತು. ಅವನ ಕಂದೀಲು ಮೋರಿಗೆ ಮೂವತ್ತು ಹೆಜ್ಜೆ ಈಚೆ, ನನ್ನ ಪಾಲಿನ ಹಾದಿಯಲ್ಲಿ, ಬೀಳದಂತೆ ನಾಲ್ಕು ಕಲ್ಲಿನ ಒತ್ತು ಕೊಟ್ಟು ನಿಲ್ಲಿಸಲಾಗಿತ್ತು. ಅಂದರೆ ಅವನು ನನಗಾಗಿ ಕಾದಿದ್ದಾನೆ. ನಾನು ಬಾರದ್ದನ್ನು ಕಂಡು ಮೋರಿ ದಾಟಿ ಬಂದಿದ್ದಾನೆ. ನನ್ನನ್ನು ನೀರು ಒಯ್ಯಿತೆಂದು ಹುಡುಕಲು ಹಳ್ಳಕ್ಕೆ ಇಳಿದನೇ... ಬೇರೆ ಕಾರಣ ನನಗೆ ತೋಚುವುದಿಲ್ಲ. ಹೆಣ ಎರಡು ದಿನದ ಮೇಲೆ ಸಿಕ್ಕಿತು. ಅವನ ಪುಸ್ತಕ ಸಿಗಲಿಲ್ಲ.

ಆ ಕಂದೀಲನ್ನು ನಾನೇ ಎತ್ತಿಕೊಂಡು ಹೋಗಿ ಮೋರಿಯ ಆಚೆ, ಅವನ ಪಾಲಿನ ಹಾದಿಯಲ್ಲಿ ಬಹಳ ದೂರ ಇಟ್ಟು ಬಂದೆ. ಮಧ್ಯಾಹ್ನ ಕಂಪನಿಯ ಮೂವರು ಟ್ರಾಲಿಯಲ್ಲಿ ಬಂದು ನನ್ನ ಗುಡಿಸಲಿನಲ್ಲೇ ವಿಚಾರಣೆ ನಡೆಸಿದರು. “ನಾನು ಮೋರಿಯ ತನಕ ಹೋಗಿದ್ದೆ. ಅವನು ಬರಲಿಲ್ಲ,” ಎಂದೆ. ಹುಲಿಗೆಪ್ಪ ಗಸ್ತು ಬಿಟ್ಟು ಎಲ್ಲೋ ಹೋಗಿ ಸತ್ತನೆಂದು ಬರೆದರು. ಕೆಲಸದ ಮೇಲೆ ಸತ್ತವರ ಹೆಂಡಂದಿರಿಗೆ ಕಂಪನಿ ಒಂದು ಉದ್ಯೋಗ ಕೊಡುತ್ತಿತ್ತು. ಅವನ ಹೆಂಡತಿ ದುರುಗವ್ವನಿಗೆ ಅದು ಸಿಗಲಿಲ್ಲ.

ದುರುಗವ್ವ ನನ್ನ ಬಾಗಿಲಿಗೆ ಬಂದು ಕೇಳಿದ್ದಳು: “ಖರೇ ಹೇಳ್ರಿ ಯಣ್ಣಾ. ಅವ ಬಂದಿದ್ದಿಲ್ಲೇನು?”

“ಇಲ್ಲವ್ವಾ,” ಅಂದಿದ್ದೆ.

ಇದು ನನ್ನ ಅಪರಾಧ. ಈಗ ರಾತ್ರಿಯ ವಿಷಯ.

ರೊಟ್ಟಿ, ಶೇಂಗಾ ಹಿಂಡಿ ತಿಂದು ಮಲಗಿದೆ. ದೂರದ ರಸ್ತೆಯಲ್ಲಿ ಅದಿರು ಲಾರಿಗಳ ಸದ್ದು ಕ್ರಮೇಣ ನಿಂತಿತು. ಜೀರುಂಡೆಗಳ ಸದ್ದೂ ಒಮ್ಮೆಲೇ ನಿಂತಿತು. ಆಗ ಕೇಳಿಸಿತು...

ಚರಕ್... ಚರಕ್... ಚರಕ್...

ಜಲ್ಲಿಕಲ್ಲಿನ ಮೇಲೆ ನಡೆಯುವ ಕಾಲಿನ ಸದ್ದು. ಹತ್ತೊಂಬತ್ತು ವರ್ಷ ಕೇಳಿದ ಸದ್ದದು, ಕಿವಿಗೆ ಮೋಸವಾಗುವುದಿಲ್ಲ. ಆದರೆ ಆ ಏರಿಯ ಮೇಲೆ ಒಂದು ಹಿಡಿ ಜಲ್ಲಿಯೂ ಇರಲಿಲ್ಲ.

ಸಂಡೂರು ಕಡೆಯಿಂದ ಬರುತ್ತಿತ್ತು. ನಡುನಡುವೆ ನಿಲ್ಲುತ್ತಿತ್ತು, ಹಳಿ ಬಿಗಿದ ಕೀಲಿ ಸಡಿಲವಾಗಿದೆಯೇ ಎಂದು ನೋಡುವವನು ನಿಲ್ಲುವಂತೆ. ಮೋರಿ ದಾಟಿತು. ಸೀಮೆಎಣ್ಣೆಯ ವಾಸನೆ, ಅದರ ಹಿಂದೆಯೇ ನೆನೆದ ಕಂಬಳಿಯ ವಾಸನೆ. ಡೇರೆಯ ಬಟ್ಟೆಯ ಮೇಲೆ ಮೊಣಕಾಲೆತ್ತರದಲ್ಲಿ ಹಳದಿ ಬೆಳಕೊಂದು ತೂಗುತ್ತ ಬಂದು ನಿಂತಿತು. ಅದನ್ನು ಮೆಲ್ಲನೆ ನೆಲಕ್ಕಿಟ್ಟ ಸದ್ದಾಯಿತು. ಒತ್ತಿಗೆ ಕಲ್ಲು ಜೋಡಿಸುವ ಸದ್ದು... ಒಂದು, ಎರಡು, ಮೂರು, ನಾಲ್ಕು.

“ಬಸಣ್ಣಾ...”

ನಾನು ಎದ್ದು ಕೂತೆ.

“ಎಲ್ಲಿದ್ದೀಪಾ... ನೀರು ಭಾಳ ಬಂದೈತಿ. ನೀ ಇತ್ತಾಗ ಬರಬ್ಯಾಡ. ನಾನ ಬರ್ತೀನಿ... ಪುಸ್ತಕ ತೆಗದಿಡು.”

ಸಿಟ್ಟಿನ ದನಿಯಾಗಿದ್ದರೆ ತಡೆದುಕೊಳ್ಳುತ್ತಿದ್ದೆ. ಅದು ಕಾಳಜಿಯ ದನಿ.

“ಹುಲಿಗ್ಯಾ,” ಎಂದೆ. “ನಾನು ಅವತ್ತು ಹೊರಡಲೇ ಇಲ್ಲೋ...”

ಹೊರಗೆ ಕಂಬಳಿಯಿಂದ ನೀರು ತೊಟ್ಟಿಕ್ಕುವ ಸದ್ದು.

“ತಡಾ ಆತಷ್ಟ. ಕೊಡು.”

ನಾನು ಕೊಟ್ಟೆ. ಬುದ್ಧಿ ಬೇಡವೆನ್ನುತ್ತಿದ್ದರೂ ಕೈಗೆ ಹಳೆಯ ರೂಢಿ ಇತ್ತು. ಡೇರೆಯ ಜಿಪ್ಪು ಗೇಣಗಲ ಸರಿಸಿ ಬಲಗೈಯಲ್ಲಿ ನನ್ನ ಪುಸ್ತಕವನ್ನು ಹೊರಗೆ ಚಾಚಿ, ಎಡಗೈಯನ್ನೂ ಒಡ್ಡಿದೆ. ಅದನ್ನು ತೆಗೆದುಕೊಳ್ಳಲಾಯಿತು. ಎಡಗೈಯಲ್ಲಿ ತಣ್ಣಗಿನದೇನನ್ನೋ ಇಡಲಾಯಿತು.

ಚರಕ್... ಚರಕ್... ಹೆಜ್ಜೆ ಹಿಂದಿರುಗಿತು. ಮೋರಿಯ ಹತ್ತಿರ ನಿಂತಿತು. ಬತ್ತಿದ ಹಳ್ಳದಲ್ಲಿ ನೀರಿನ ಭೋರ್ಗರೆತ ಕೇಳಿಸಿತು... ಆಮೇಲೆ ಅದೂ ಇಲ್ಲ.

ಬೆಳಕು ಹರಿದ ಮೇಲೆ ಹೊರಗೆ ಬಂದೆ. ಧೂಳಿನಲ್ಲಿ ಇದ್ದದ್ದು ನನ್ನ ಹೆಜ್ಜೆ ಮಾತ್ರ. ಹಳ್ಳದ ಮರಳು ಬಿಸಿಯೇರುತ್ತಿತ್ತು. ನನ್ನ ಪುಸ್ತಕ ಡೇರೆಯಲ್ಲಿರಲಿಲ್ಲ, ಚೀಲದಲ್ಲಿರಲಿಲ್ಲ, ಏರಿಯ ಎರಡೂ ಬದಿ ಇಳಿದು ನೋಡಿದರೂ ಇರಲಿಲ್ಲ. ಎಡಗೈಯಲ್ಲಿ ಮಾತ್ರ ಮೇಣದ ಬಟ್ಟೆಯ ಗಂಟೊಂದು ಇತ್ತು. ಹಿಂಡಿದರೆ ನೀರಿಳಿಯುತ್ತಿತ್ತು.

ಬಿಚ್ಚುವ ಹಕ್ಕು ನನಗಿರಲಿಲ್ಲ. ಬಸ್ಸು ಹಿಡಿದು ಕಂಪ್ಲಿಗೆ ಹೋದೆ.

ದುರುಗವ್ವ ಈಗ ಮುದುಕಿ. ಜಗುಲಿಯ ಮೇಲೆ ಬಾಳೆಎಲೆಯ ಕಟ್ಟು ಕಟ್ಟುತ್ತಿದ್ದಳು. ನಿಂತುಕೊಂಡೇ ಎಲ್ಲವನ್ನೂ ಹೇಳಿದೆ. ಗುಡಿಸಲಿನಲ್ಲಿ ಕೂತದ್ದು, ಕಂದೀಲು ಸಾಗಿಸಿದ್ದು, ಹಿಂದಿನ ರಾತ್ರಿಯದು. ಅವಳು ಕೈ ನಿಲ್ಲಿಸಲಿಲ್ಲ. ಗಂಟು ಕೈಗಿತ್ತಾಗ ನಿಲ್ಲಿಸಿದಳು. ಅದಕ್ಕೆ ಸುತ್ತಿದ್ದ ಹಸಿರು ಅರಿವೆಯ ಪಟ್ಟಿಯನ್ನು ಬೆರಳಿನಿಂದ ಸವರಿದಳು.

“ಇದು ನನ್ನ ಮದುವಿ ಸೀರಿ ಸೆರಗು. ಪುಸ್ತಕ ತೊಯ್ಯಬಾರ್ದಂತ ನಾನ ಹರದು ಕಟ್ಟಿದ್ದೆ.”

ಆಮೇಲೆ ನನ್ನನ್ನು ನೋಡಿದಳು.

“ಇಷ್ಟು ವರ್ಷ ನಿಮ್ಮ ಪೆಟಿಗ್ಯಾಗ ಇತ್ತೇನು ಇದು?”

“ಇಲ್ಲವ್ವಾ. ನಿನ್ನೆ ರಾತ್ರಿ...”

“ಅವತ್ತೂ ಇಲ್ಲವ್ವಾ ಅಂದಿದ್ರಿ,” ಎಂದಳು. “ಹೋಗ್ರಿ. ಬಸ್ ತಪ್ಪತೈತಿ.”

ಅವಳು ನನ್ನನ್ನು ನಂಬಬೇಕೆಂದು ಕೇಳುವ ಬಾಯಿ ನನಗಿಲ್ಲ.

ಬಳಗದ ಕಾರ್ಯದರ್ಶಿಗೆ ಪತ್ರ ಬರೆದಿದ್ದೇನೆ. ಒಂಬತ್ತು ತಪ್ಪುಗಳನ್ನು ಪಟ್ಟಿ ಮಾಡಿದ್ದೇನೆ, ಅದನ್ನು ಬಿಡುವವನಲ್ಲ. ನನ್ನ ಹೆಸರು ಬೇಡ, ಹದಿನಾಲ್ಕನೇ ಮೋರಿಯ ಪುಟದಲ್ಲಿ ಹುಲಿಗೆಪ್ಪನ ಹೆಸರು ಹಾಕಿ, ಅವನು ಅಲ್ಲಿಗೆ ಬಂದಿದ್ದ ಎಂದು ಬರೆಯಿರಿ ಎಂದಿದ್ದೇನೆ. ಉತ್ತರ ಬಂದಿಲ್ಲ.

ನನ್ನ ಪುಸ್ತಕ ಅವನ ಹತ್ತಿರವಿದೆ. ನಿಯಮದಂತೆ ಮರುಸುತ್ತಿನಲ್ಲಿ ಅದನ್ನು ತಂದುಕೊಡಬೇಕು. ಮಳೆ ಬಂದ ರಾತ್ರಿ ನಾನೀಗ ಕಂದೀಲನ್ನು ಸಣ್ಣ ಮಾಡುವುದಿಲ್ಲ. ನನ್ನ ಓಣಿಯೆಲ್ಲ ಸಿಮೆಂಟು ರಸ್ತೆ. ಆದರೂ ಮೊನ್ನೆ ಕೇಳಿಸಿತು, ಮೂಲೆಮನೆಯ ಹತ್ತಿರ... ಜಲ್ಲಿಯ ಸದ್ದು.

ವಿಚಾರಣೆಗೆ ಬಂದ ಮೂವರಲ್ಲಿ ಇಬ್ಬರು ಇನ್ನೂ ಬದುಕಿದ್ದೀರಿ. ಒಬ್ಬರು ಹೊಸಪೇಟೆಯಲ್ಲೇ ಇದ್ದೀರಿ. ಬೆಳಿಗ್ಗೆ ವಾಕಿಂಗಿನಲ್ಲಿ ನನಗೆ ನಮಸ್ಕಾರ ಹೇಳುತ್ತೀರಿ. ನಾನು ಸುಳ್ಳು ಹೇಳಿದೆ, ಒಪ್ಪಿದ್ದೇನೆ. ಆದರೆ ರಾತ್ರಿಯಿಡೀ ಮಳೆಯಲ್ಲಿ ನಡೆದು ಬಂದೆನೆಂದು ನಾನು ಹೇಳುತ್ತಿದ್ದಾಗ, ನನ್ನ ಮಳೆಕೋಟು ನಿಮ್ಮ ತಲೆಯ ಮೇಲಿನ ಗೂಟಕ್ಕೇ ನೇತುಬಿದ್ದಿತ್ತು. ನಿಮ್ಮಲ್ಲೊಬ್ಬರು ಅದಕ್ಕೇ ಕೈ ಒರೆಸಿಕೊಂಡಿರಿ. ಅದು ಒಂದು ಹನಿಯೂ ಸೋಕದೆ ಒಣಗಿತ್ತಲ್ಲ... ಯಾಕೆ ಕೇಳಲಿಲ್ಲ?