ಚಾಚಿಯ ಎಡಗೈ

ಮೊನ್ನೆ ಗಂಗಾವತಿಯ ಒಂದು ಚಹಾದಂಗಡಿಯ ಮುಂದೆ ಯಾರೋ ಢೋಲಕ್ಕನ್ನು ಬಿಸಿಲಿಗಿಟ್ಟಿದ್ದರು. ಕಾದ ಚರ್ಮದ ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಚಾಚಿ ನೆನಪಾದರು...

ನಾನು ಅವರ ಮನೆಯ ಮೇಲಿನ ಕೋಣೆಯಲ್ಲಿ ಬಾಡಿಗೆಗಿದ್ದೆ. ಒಂದು ಲ್ಯಾಪ್‌ಟಾಪ್, ಒಂದು ಮೈಕು, ಮಡಿಲಲ್ಲಿ ಹಿಡಿಸುವಂಥ, ಸಂಗೀತದ ಚಿಕ್ಕ ಕೀಬೋರ್ಡು. ಭಜನಾ ಮಂಡಳಿಗಳ ಪದಗಳಿಗೆ, ಮದುವೆಯ ವಿಡಿಯೋಗಳಿಗೆ ಸಂಗೀತ ಕೂಡಿಸಿಕೊಡುವುದು ನನ್ನ ಕೆಲಸ. ಕೆಳಗೆ ಚಾಚಿ ಇದ್ದರು. ಗಂಡ ಇರಲಿಲ್ಲ. ತಂಗಿ ಸತ್ತ ಮೇಲೆ ಅವಳ ಮಗಳನ್ನು ತಾವೇ ಸಾಕಿದ್ದರು. ಅರಿಶಿಣದ ದಿನ ಹೆಂಗಸರ ನಡುವೆ ಕೂತು ಢೋಲಕ್ ಬಾರಿಸುತ್ತ ಹಾಡಲು ಊರಿನ ಮದುವೆಮನೆಗಳಿಗೆ ಚಾಚಿಯೇ ಬೇಕು.

ಆ ವರ್ಷ ಅವರ ಕಿಡ್ನಿಗಳು ಕೈಕೊಟ್ಟವು. ಡಯಾಲಿಸಿಸ್‌ಗಾಗಿ ಸೂಜಿ ಚುಚ್ಚಲು ಎಡಗೈಯ ರಕ್ತನಾಳಕ್ಕೆ ಆಪರೇಷನ್ ಆಗಬೇಕು, ಆಮೇಲೆ ಆ ಕೈಯಿಂದ ಭಾರ ಎತ್ತಬಾರದು, ಏನನ್ನೂ ಬಡಿಯಬಾರದು ಎಂದು ಕೊಪ್ಪಳದ ಡಾಕ್ಟರು ಹೇಳಿದರು. ಅವರ ಢೋಲಕ್ಕಿನ ಗುಮ್ಮೆನ್ನುವ ದನಿ ಹೊರಡುತ್ತಿದ್ದುದು ಎಡಗೈಯಿಂದಲೇ. ಸಾಕುಮಗಳಿಗೆ ಸಿದ್ದಾಪುರದ ಗಂಡು ಗೊತ್ತಾಗಿ ಮದುವೆ ಹತ್ತಿರವಿತ್ತು. ಚಾಚಿಯ ಗಂಡನ ಅಣ್ಣ ಬಂದು, ಇನ್ನು ಹಾಡು ಬಾಜಾ ಸಾಕು, ತಸಬಿಯ ಜಪಮಣಿ ಹಿಡಿದು ಸುಮ್ಮನೆ ಕೂಡು ಎಂದು ಬುದ್ಧಿ ಹೇಳಿ ಹೋದರು.

ಮರುದಿನ ಚಾಚಿ ಢೋಲಕ್ಕನ್ನು ಬಗಲಲ್ಲಿಟ್ಟುಕೊಂಡು ಮೆಟ್ಟಿಲು ಹತ್ತಿ ಬಂದರು.

"ಬೇಟಿ, ನಿನ್ನ ಮಷಿನ್ಯಾಗ ತಬಲಾ, ಶಹನಾಯಿ ಎಲ್ಲಾ ಅದಾವು ಅಂತಿ. ಅವನ್ನ ಯಾರರೆ ಬಾರಿಸೇ ಇಟ್ಟಿರಬೇಕಲ್ಲ? ನನ್ನ ಕೈನೂ ಅದರಾಗ ಇಡು."

ಕೊಂಡು ತಂದ ವಾದ್ಯಗಳನ್ನು ಸಂಗೀತದ ತಂತ್ರಾಂಶಕ್ಕೆ ಸೇರಿಸಿಕೊಳ್ಳುವುದು ನನಗೆ ಗೊತ್ತಿತ್ತು. ಒಂದು ವಾದ್ಯವನ್ನು ಬುಡದಿಂದ ಕಟ್ಟುವುದು ಗೊತ್ತಿರಲಿಲ್ಲ. ಆದರೂ ಹೂಂ ಅಂದೆ.

ಪಕ್ಕದಲ್ಲೇ ರೈಸ್ ಮಿಲ್ಲು. ಕರೆಂಟು ಹೋಗಿ ಅದು ಬಾಯಿ ಮುಚ್ಚಿದ ಕೂಡಲೇ ಬ್ಯಾಟರಿ ನಂಬಿಕೊಂಡು ರೆಕಾರ್ಡಿಂಗಿಗೆ ಕೂರುತ್ತಿದ್ದೆವು. ಎಡಗೈಯ ಪ್ರತಿ ಪೆಟ್ಟನ್ನೂ ಮೆಲ್ಲಗೊಮ್ಮೆ, ಜೋರಾಗಿ ಒಮ್ಮೆ, ಮತ್ತೆ ಮತ್ತೆ ಬಾರಿಸಬೇಕಿತ್ತು. ದನಿ ಪೂರ್ತಿ ಆರುವವರೆಗೆ ಇಬ್ಬರೂ ಉಸಿರು ಬಿಗಿಹಿಡಿದು ಕೂತಿರುತ್ತಿದ್ದೆವು... ಅವರ ಕೈ ಊದಿಕೊಳ್ಳುತ್ತಿತ್ತು. ಸಾಕು ಅಂದರೆ ಕೇಳುತ್ತಿರಲಿಲ್ಲ.

ಪೆಟ್ಟುಗಳನ್ನು ಕತ್ತರಿಸಿ, ತಂತ್ರಾಂಶಕ್ಕೆ ತಂದು, ಕೀಬೋರ್ಡಿನ ಒಂದೊಂದು ಕೀಗೆ ಒಂದೊಂದನ್ನು ಜೋಡಿಸಿದೆ. ಚಾಚಿ ಒತ್ತಿ ನೋಡಿ ಮುಖ ಸಿಂಡರಿಸಿದರು. ಎಷ್ಟು ಸಲ ಒತ್ತಿದರೂ ಅದೇ ಪೆಟ್ಟು, ಅದೇ ಜೋರು. ಇದು ಹೊಲಿಗಿ ಮಷಿನ್ ಆತು ಅಂದರು. ಎಲ್ಲ ಬಿಚ್ಚಿ ಮತ್ತೆ ಕಟ್ಟಿದೆ. ಮೆಲ್ಲಗೆ ಒತ್ತಿದರೆ ಮೆಲ್ಲಗಿನ ಪೆಟ್ಟು, ತುಸು ಗಟ್ಟಿಯಾಗಿ ಒತ್ತಿದರೆ ಜೋರಿನ ಪೆಟ್ಟು, ಪ್ರತಿ ಸಲವೂ ಬೇರೆ ತುಣುಕು. ಬೆರಳ ತುದಿಯಷ್ಟೇ ಸಾಕು. ಬೆರಳಾಡಿಸಬೇಡ ಎಂದು ಡಾಕ್ಟರು ಹೇಳಿರಲಿಲ್ಲ. ಆ ಸಂಜೆ ಚಾಚಿ ಎರಡು ಬೆರಳು ಆಡಿಸಿದರು. ಮತ್ತೆ ಆಡಿಸಿದರು. ಬಹಳ ಹೊತ್ತು ನಿಲ್ಲಿಸಲೇ ಇಲ್ಲ.

ಆಪರೇಷನ್ ಆಯಿತು, ಗಾಯ ಮಾಯಿತು. ಅರಿಶಿಣದ ದಿನ ಅಂಗಳದಲ್ಲಿ ಚಾಚಿ ಬಲಗೈಯನ್ನು ನಿಜವಾದ ಢೋಲಕ್ಕಿನ ಮೇಲೆ, ಎಡಗೈ ಬೆರಳುಗಳನ್ನು ಕೀಬೋರ್ಡಿನ ಮೇಲೆ ಇಟ್ಟುಕೊಂಡು ಕೂತರು. ಹಿಂದೆ ನನ್ನ ಸ್ಪೀಕರು. ಗಂಡನ ಅಣ್ಣ ಬಾಗಿಲಲ್ಲಿ ನಿಂತು, ಕೈಯೇ ಹೋದ ಮೇಲೆ ಈ ಹಟ ಯಾಕೆ ಎಂದು ತಮ್ಮ ಉರ್ದುವಿನಲ್ಲಿ ಗದರಿದರು. ಕೂತ ಹೆಂಗಸರಿಗೆಲ್ಲ ತಿಳಿಯಲೆಂದೇ ಇರಬೇಕು, ಚಾಚಿ ಕನ್ನಡದಲ್ಲಿ ಉತ್ತರ ಕೊಟ್ಟರು.

"ಎಡಗೈ ಸೂಜಿಗೆ ಕೊಟ್ಟೀನ್ರಿ, ಭಾಯಿಸಾಬ್. ತಾಳ ಕೊಟ್ಟಿಲ್ಲ."

ಹೆಂಗಸರು ಮೊದಮೊದಲು ಸ್ಪೀಕರಿನ ಕಡೆ ತಿರುಗಿ ನೋಡಿದರು, ಆಮೇಲೆ ಮರೆತರು. ಮದುಮಗಳು ಅರಿಶಿಣ ಮೆತ್ತಿದ ಮುಖದಲ್ಲೇ ಅತ್ತಳು. ಗಂಡನ ಅಣ್ಣ ಊಟ ಮಾಡದೆ ಹೋದರು. ಚಾಚಿ ಇನ್ನೊಂದು ಹಾಡು ಎತ್ತಿದರು.

ಅದಾದ ಮೇಲೂ, ಡಯಾಲಿಸಿಸ್ಸಿನ ಸುಸ್ತಿನಲ್ಲೂ, ಕರೆದ ಮನೆಗೆಲ್ಲ ನನ್ನನ್ನು ಎಳೆದುಕೊಂಡು ಹೋದರು. ಮುಂದಿನ ಬೇಸಿಗೆಯಲ್ಲಿ ಕೊಪ್ಪಳಕ್ಕೆ ಹೋದವರು ಜೀವಂತ ಮರಳಲಿಲ್ಲ...

ಈ ಭಾನುವಾರ ಸಾಕುಮಗಳು ನನ್ನಲ್ಲಿಗೆ ಬಂದಿದ್ದಳು. ನಾದಿನಿಯ ಮದುವೆಗೆ ಚಾಚಿಯ ಢೋಲಕ್ಕು ಸೇರಿಸಿ ಒಂದು ಹಾಡು ಬೇಕಿತ್ತು. ಸತ್ತವಳ ಕೈಯನ್ನು ಮದುವೆಯಲ್ಲಿ ಬಾರಿಸಬೇಡಿ, ಅಳಿಸಿಬಿಡಿ ಎಂದು ಅವಳ ದೊಡ್ಡಪ್ಪ, ಅದೇ ಚಾಚಿಯ ಗಂಡನ ಅಣ್ಣ, ನಮ್ಮಿಬ್ಬರಿಗೂ ಫೋನ್ ಮಾಡಿದ್ದರು. ಏನು ಮಾಡೋಣ ಎಂದು ಕೇಳಿದೆ.

"ಅಳಸಬ್ಯಾಡ್ರಿ ಅಕ್ಕಾ. ಬಾಗ್ಲಾ ತೆಗದು, ಜೋರಾಗಿ ಹಚ್ಚರಿ."

ಬಾಗಿಲು ತೆರೆದು ಕೀಬೋರ್ಡಿನ ಮೇಲೆ ಬೆರಳಾಡಿಸಿದೆ. ಚಾಚಿಯ ಎಡಗೈ ಓಣಿಗೆಲ್ಲ ಕೇಳಿಸಿತು. ಹುಡುಗಿ ಹಾಡಲು ಶುರುಮಾಡಿದಳು. ಮೊದಲೆಲ್ಲ ಎರಡನೆಯ ನುಡಿಗೆ ಚಾಚಿ ದನಿ ಕೂಡಿಸುತ್ತಿದ್ದರು. ಆ ಜಾಗ ಖಾಲಿಯೇ ಹೋಯಿತು... ಅವಳ ಹಾಡು ನಿಂತಿತು. ನಾನು ಬೆರಳು ನಿಲ್ಲಿಸಲಿಲ್ಲ.